ಬೆಳಕಿಗಿಂತ ಮೊದಲು: ಲಾಲ್‌ಬಾಗಿನಿಂದ ಗಾಳಿಬೋರೆಯವರೆಗೆ

ಹನ್ನೊಂದು ವರ್ಷಗಳ ಹಿಂದೆ ಮೊದಲ ಕ್ಯಾಮೆರಾ ಕೊಂಡಾಗ ನಾನು ಅದನ್ನು ಹೆಗಲಿಗೆ ಹಾಕಿಕೊಂಡು ಲಾಲ್‌ಬಾಗಿಗೆ ಹೋಗುತ್ತಿದ್ದುದು ಭಾನುವಾರದ ತಿಂಡಿ ಮುಗಿದ ಮೇಲೆ, ಹತ್ತು ಗಂಟೆಯ ಹೊತ್ತಿಗೆ. ಮನೆಗೆ ಬಂದು ನೋಡಿದರೆ ಎಲ್ಲ ಚಿತ್ರಗಳಲ್ಲೂ ಒಂದೇ ಕೊರತೆ ಕಾಣುತ್ತಿತ್ತು: ಆಕಾಶ ಸುಣ್ಣ ಬಳಿದಂತೆ ಬಿಳಿ, ಮರದ ಕೆಳಗೆ ಕಗ್ಗತ್ತಲು, ಎಲೆಗಳ ಮೇಲೆ ಕಣ್ಣಿಗೆ ಚುಚ್ಚುವ ಹೊಳಪು. ದೋಷ ಲೆನ್ಸಿನದೆಂದು ತಿಳಿದು ಹೊಸ ಲೆನ್ಸಿಗೆ ಹಣ ಕೂಡಿಡಲು ಆರಂಭಿಸಿದ್ದೆ. ಒಂದು ದಿನ ಪಾತಿಗೆ ನೀರು ಬಿಡುತ್ತಿದ್ದ ಹಿರಿಯ ಮಾಲಿಯೊಬ್ಬರು ನನ್ನನ್ನು ಬಹಳ ಹೊತ್ತು ನೋಡಿ, “ಈ ಬಿಸಿಲಲ್ಲಿ ಏನ್ ಸಿಗುತ್ತೆ ಸಾರ್? ಗೇಟ್ ತೆಗೆಯೋ ಹೊತ್ಗೆ ಬನ್ನಿ, ಆಗ ನೋಡಿ ನಮ್ ತೋಟಾನ,” ಎಂದರು. ಮರುವಾರ ಬೆಳಗ್ಗೆ ಆರು ಗಂಟೆಗೆ ಗೇಟಿನ ಮುಂದೆ ನಿಂತಿದ್ದೆ. ನನ್ನ ಛಾಯಾಗ್ರಹಣ ಶುರುವಾದದ್ದು ಆ ದಿನ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಲಾಲ್‌ಬಾಗಿನ 240 ಎಕರೆಯನ್ನು ಒಂದೇ ಬೆಳಗಿನಲ್ಲಿ ಸುತ್ತಿ ಮುಗಿಸುವ ಆಸೆಯನ್ನು ನಾನು ಬೇಗನೆ ಬಿಟ್ಟೆ. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಈ ತೋಟದಲ್ಲಿ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ನಾಡುಗಳಿಂದ ತಂದು ನೆಟ್ಟ ಮರಗಳಿವೆ; ಒಂದೊಂದರ ನೆರಳೂ ಒಂದೊಂದು ಬಗೆ. ಗಾಜಿನ ಮನೆ, ಕೆರೆ, ಕೆಂಪೇಗೌಡರ ಗೋಪುರವಿರುವ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ, ಇವೆಲ್ಲವನ್ನೂ ಎಲ್ಲರೂ ತೆಗೆಯುತ್ತಾರೆ, ನಾನೂ ತೆಗೆದಿದ್ದೇನೆ. ಆದರೆ ಕಲಿಯಬೇಕೆಂದು ನಿಶ್ಚಯಿಸಿದ ಮೇಲೆ ಒಂದೇ ಒಂದು ಮರವನ್ನು ಆರಿಸಿಕೊಂಡೆ. ಅದು ಹಳೆಯ ಬಿಳಿ ಬೂರುಗ. ಬುಡದಿಂದ ಗೋಡೆಗಳಂತೆ ಎದ್ದು ನಾಲ್ಕೂ ದಿಕ್ಕಿಗೆ ಹರಡಿರುವ ಅದರ ಬೇರುಗಳನ್ನು ಲಾಲ್‌ಬಾಗಿಗೆ ಹೋದ ಯಾರೂ ಮರೆಯಲಾರರು. ವಾರಕ್ಕೊಮ್ಮೆಯಂತೆ ಏಳು ತಿಂಗಳು ಆ ಒಂದೇ ಮರವನ್ನು ತೆಗೆದೆ.

ಮೊದಲ ಆರು ವಾರಗಳ ಚಿತ್ರಗಳಲ್ಲಿ ಬೇರು ಚಪ್ಪಟೆಯಾಗಿ, ಗೋಡೆಗೆ ಅಂಟಿಸಿದ ಕಾಗದದಂತೆ ಕಾಣುತ್ತಿತ್ತು. ಕಾರಣ ತಿಳಿದದ್ದು ಡಿಸೆಂಬರಿನ ಒಂದು ಮಂಜಿನ ಬೆಳಗ್ಗೆ. ಸೂರ್ಯ ಇನ್ನೂ ಮರಗಳ ಮೇಲೆ ಬಂದಿರಲಿಲ್ಲ. ಬೆಳಕು ಪೂರ್ವದ ಕಡೆಯಿಂದ ಅಡ್ಡಡ್ಡವಾಗಿ ಬಂದು ಬೇರಿನ ಒಂದು ಮಗ್ಗುಲನ್ನು ಮಾತ್ರ ಮುಟ್ಟುತ್ತಿತ್ತು, ಇನ್ನೊಂದು ಮಗ್ಗುಲು ನೀಲಿ ನೆರಳಿನಲ್ಲಿತ್ತು. ತೊಗಟೆಯ ಮೇಲಿನ ಸುಕ್ಕು, ಪಾಚಿ, ಇರುವೆಗಳ ಸಾಲು ಎಲ್ಲವೂ ಎದ್ದು ಬಂದಿದ್ದವು. ನಡೆಯಲು ಬರುವವರಿಗೆ ಅಡ್ಡಿಯಾಗುತ್ತದೆಂದು ನಾನು ಉದ್ಯಾನದಲ್ಲಿ ಟ್ರೈಪಾಡ್ ಬಳಸುವುದಿಲ್ಲ. ಅದರ ಬದಲಿಗೆ ನನ್ನ ಹೆಂಡತಿ ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಕತ್ತರಿಸಿ, ಎರಡು ಸೇರು ರಾಗಿ ತುಂಬಿ ಹೊಲಿದುಕೊಟ್ಟ ಚೀಲವಿದೆ. ಅದನ್ನು ನೆಲದ ಮೇಲಿಟ್ಟು ಕ್ಯಾಮೆರಾವನ್ನು ಒತ್ತಿ ಕೂರಿಸಿದರೆ ರಾಗಿ ಸರಿದು ಕ್ಯಾಮೆರಾದ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ, ಆಮೇಲೆ ಅಲುಗುವುದಿಲ್ಲ. ಅಕ್ಕಿ ಹಾಕಿ ನೋಡಿದ್ದೇನೆ, ಅದು ಇಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಆ ಬೆಳಗ್ಗೆ ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 100, ಲೆನ್ಸಿನ ಕಿಂಡಿಯ ಅಳತೆ ಎಫ್/8, ಶಟರ್ ತೆರೆದಿರುವ ಹೊತ್ತು ಒಂದು ಸೆಕೆಂಡಿನ ಎಂಟನೇ ಒಂದು ಭಾಗ; ಗುಂಡಿ ಒತ್ತುವಾಗ ಕೈ ನಡುಗದಿರಲೆಂದು ಎರಡು ಸೆಕೆಂಡಿನ ಟೈಮರ್ ಇಟ್ಟೆ. ಹನ್ನೆರಡು ನಿಮಿಷಗಳಲ್ಲಿ ಬೆಳಕು ಬದಲಾಯಿತು, ಬೇರು ಮತ್ತೆ ಚಪ್ಪಟೆಯಾಯಿತು.

ಹೂವಿನ ವಿಷಯದಲ್ಲಿ ನನ್ನ ಅನುಭವ ಇದಕ್ಕೆ ವಿರುದ್ಧ. ಹೂವಿಗೆ ಅಡ್ಡ ಬೆಳಕಿಗಿಂತ ಮೋಡದ ಬೆಳಕು ಒಳ್ಳೆಯದು, ಆದ್ದರಿಂದ ಜುಲೈ ತಿಂಗಳ ಜಿಟಿಜಿಟಿ ಮಳೆ ನಿಂತ ಮೇಲಿನ ಅರ್ಧ ಗಂಟೆಯನ್ನು ನಾನು ಬಿಡುವುದಿಲ್ಲ. ಬಿಸಿಲಿದ್ದರೆ ಮನೆಯ ಕಪ್ಪು ಛತ್ರಿಯನ್ನು ಬಿಚ್ಚಿ ಹೂವಿನ ಮೇಲೆ ನೆರಳು ಬೀಳುವಂತೆ ಹಿಡಿಯುತ್ತೇನೆ. ಹೂವಿನ ಹಿಂದಿನ ಗಿಡಗಳೂ ಆ ನೆರಳಿನಲ್ಲಿ ಬಂದರೆ ಹಿನ್ನೆಲೆ ತಾನಾಗಿ ಕಪ್ಪಾಗಿ ಹೂವು ಎದ್ದು ಕಾಣುತ್ತದೆ. ಕೆಂಪು ದಾಸವಾಳ, ಕೆಂಪು ಗುಲಾಬಿಗಳನ್ನು ಕ್ಯಾಮೆರಾ ಹೇಳಿದ ಅಳತೆಯಲ್ಲೇ ತೆಗೆದರೆ ದಳದ ನರಗಳು ಮಾಯವಾಗಿ ಬರೀ ಕೆಂಪು ಮುದ್ದೆ ಉಳಿಯುತ್ತದೆ. ಅದಕ್ಕೇ ಮೂರನೇ ಎರಡು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ, ಏರಿಸಿದರೆ ಎರಡರಷ್ಟು) ಬೆಳಕು ಕಡಿಮೆ ಮಾಡುತ್ತೇನೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳಿಗೆ ಮನೆಯವರೊಂದಿಗೆ ಹೋಗುತ್ತೇನೆ, ಆದರೆ ಅಲ್ಲಿ ಕ್ಯಾಮೆರಾ ಹೊರಗೆ ತೆಗೆಯುವುದು ಕಡಿಮೆ.

ಉದ್ಯಾನದಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ಇಲ್ಲಿ ಹೇಳಲೇಬೇಕು. ಒಂದು ಹಳೆಯ ಮರದ ಪೊಟರೆಯಲ್ಲಿ ಹಾಲಕ್ಕಿಗಳ ಜೋಡಿಯನ್ನು ಕಂಡಿದ್ದೆ. ಹಗಲಿನಲ್ಲಿ ಪೊಟರೆಯ ಬಾಯಿಗೆ ಬಂದು, ಅರ್ಧ ಕಣ್ಣು ಮುಚ್ಚಿ ಬಿಸಿಲು ಕಾಯಿಸುವ ಈ ಪುಟ್ಟ ಗೂಬೆಗಳನ್ನು ಏಳು ವಾರ ದೂರದ ಬೆಂಚಿನಿಂದ ನೋಡಿದೆ. ಎಂಟನೇ ವಾರ ಒಳ್ಳೆಯ ಚಿತ್ರವೊಂದು ಸಿಕ್ಕಿತು. ಖುಷಿಯಲ್ಲಿ ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಒಬ್ಬರು ಮರ ಯಾವುದೆಂದು ಕೇಳಿದಾಗ ಹೇಳಿಯೂ ಬಿಟ್ಟೆ. ಮುಂದಿನ ಭಾನುವಾರ ಆ ಮರದ ಕೆಳಗೆ ಹತ್ತು ಹನ್ನೆರಡು ಮಂದಿ ದೊಡ್ಡ ಲೆನ್ಸುಗಳನ್ನು ಎತ್ತಿ ನಿಂತಿದ್ದರು, ಒಬ್ಬರು ಹಕ್ಕಿ ಹೊರಗೆ ಬರಲೆಂದು ಮೊಬೈಲಿನಲ್ಲಿ ಅದರ ಕೂಗನ್ನು ಹಾಕುತ್ತಿದ್ದರು. ಎರಡು ವಾರಗಳ ನಂತರ ಪೊಟರೆ ಬರಿದಾಗಿತ್ತು. ಅವು ಹೋದದ್ದು ಅದೇ ಕಾರಣಕ್ಕೆ ಎಂದು ಸಾಧಿಸಲು ನನ್ನಿಂದ ಆಗದು, ಆದರೆ ಮನಸ್ಸಿಗೆ ಅದರಲ್ಲಿ ಅನುಮಾನವಿಲ್ಲ. ಅಂದಿನಿಂದ ಗೂಡು, ಪೊಟರೆ ಇರುವ ಜಾಗವನ್ನು ಯಾರಿಗೂ ಹೇಳಿಲ್ಲ. ಕೂಗು ಹಾಕಿ ಹಕ್ಕಿ ಕರೆಯುವವರನ್ನು ಕಂಡರೆ ಹತ್ತಿರ ಹೋಗಿ, ದಯವಿಟ್ಟು ನಿಲ್ಲಿಸಿ ಎಂದು ಕೇಳುತ್ತೇನೆ.

ಉದ್ಯಾನಕ್ಕೆ ಒಂದು ಮಿತಿಯಿದೆ. ಸಂಜೆಯಾದರೆ ಗೇಟು ಮುಚ್ಚುತ್ತದೆ, ಬೆಳಗ್ಗೆ ತೆರೆಯುವ ಹೊತ್ತಿಗೆ ಬೆಳಕು ಆಗಲೇ ಮೂಡಿರುತ್ತದೆ. ಕತ್ತಲು ಕರಗಿ ಬೆಳಕಾಗುವುದನ್ನು ಮೊದಲಿನಿಂದ ನೋಡಬೇಕಾದರೆ ರಾತ್ರಿ ಅಲ್ಲೇ ಇರಬೇಕು ಎಂಬ ಕಾರಣಕ್ಕೆ ನಾನು ಕ್ಯಾಂಪಿಗೆ ಹೋಗಲು ಆರಂಭಿಸಿದೆ. ವನ್ಯಧಾಮದೊಳಗೆ ನಮ್ಮ ಇಷ್ಟದ ಜಾಗದಲ್ಲಿ ಗುಡಾರ ಹಾಕಲು ಕಾನೂನಿನಲ್ಲಿ ಅವಕಾಶವಿಲ್ಲ, ಇರಲೂಬಾರದು. ಆದ್ದರಿಂದ ನಾನು ಹೋಗುವುದು ಅನುಮತಿ ಇರುವ ಶಿಬಿರಗಳಿಗೆ ಮಾತ್ರ. ಅವುಗಳಲ್ಲಿ ನನಗೆ ಹೆಚ್ಚು ಒಗ್ಗಿದ್ದು ಕಾವೇರಿ ವನ್ಯಜೀವಿಧಾಮದ ಗಾಳಿಬೋರೆ. ಕನಕಪುರದ ಮೇಲೆ ಹೋಗಿ, ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ ತಲುಪಿ, ಅಲ್ಲಿಂದ ಕಾಡಿನ ಮಣ್ಣು ರಸ್ತೆ ಹಿಡಿದರೆ ಹೊಳೆಯ ದಡದಲ್ಲೇ ಗುಡಾರಗಳ ಸಾಲು ಸಿಗುತ್ತದೆ. ದಡದುದ್ದಕ್ಕೂ ಬೂದು ಬಿಳಿ ತೊಗಟೆಯ ಹೊಳೆಮತ್ತಿ ಮರಗಳು ನೀರಿನ ಮೇಲೆ ಬಾಗಿವೆ.

ಮೊದಲ ಸಲ ಜನವರಿಯ ಅಮಾವಾಸ್ಯೆಗೆ ಹತ್ತಿರದ ಶನಿವಾರ ಮಗನನ್ನು ಕರೆದುಕೊಂಡು ಹೋದೆ. ಅವನಿಗೆ ಆಗ ಹದಿನಾಲ್ಕು. ನಕ್ಷತ್ರಗಳನ್ನು ತೆಗೆಯಬೇಕೆಂಬುದು ಅವನ ಆಸೆ. ಅಲ್ಲಿಗೆ ಹೋಗುವ ಮೊದಲು ಇಬ್ಬರೂ ಕುಳಿತು ಲೆಕ್ಕ ಹಾಕಿದ್ದೆವು. 500ನ್ನು ಲೆನ್ಸಿನ ಫೋಕಲ್ ಉದ್ದದಿಂದ ಭಾಗಿಸಿದರೆ ಹೆಚ್ಚೆಂದರೆ ಎಷ್ಟು ಸೆಕೆಂಡು ಶಟರ್ ತೆರೆದಿಟ್ಟರೆ ನಕ್ಷತ್ರ ಗೆರೆಯಾಗದೆ ಚುಕ್ಕಿಯಾಗಿಯೇ ಉಳಿಯುತ್ತದೆಂದು ಅಂದಾಜು ಸಿಗುತ್ತದೆ. ನಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದಾದ್ದರಿಂದ 18 ಎಂ.ಎಂ. ಲೆನ್ಸನ್ನು ಒಂದೂವರೆ ಪಟ್ಟು ಮಾಡಿ 27 ಎಂದು ಹಿಡಿಯಬೇಕು, ಆಗ ಬರುವುದು ಹದಿನೆಂಟೂವರೆ ಸೆಕೆಂಡು. ಕ್ಯಾಮೆರಾದಲ್ಲಿ 15 ಬಿಟ್ಟರೆ ಮುಂದಿನದು 20. ಹಾಗಾಗಿ 15 ಸೆಕೆಂಡು, ಎಫ್/3.5, ಐಎಸ್‌ಒ 3200 ಇಟ್ಟೆವು. ಕತ್ತಲಲ್ಲಿ ಆಟೊಫೋಕಸ್ ಕೆಲಸ ಮಾಡುವುದಿಲ್ಲ. ಪರದೆಯಲ್ಲಿ ಒಂದು ಹೊಳೆಯುವ ನಕ್ಷತ್ರವನ್ನು ಹಿಗ್ಗಿಸಿ, ಅದು ಅತಿ ಚಿಕ್ಕ ಚುಕ್ಕಿಯಾಗುವವರೆಗೆ ಫೋಕಸ್ ಉಂಗುರವನ್ನು ಕೈಯಿಂದ ತಿರುಗಿಸಿ, ಉಂಗುರ ಸರಿಯದಂತೆ ಟೇಪ್ ಅಂಟಿಸಿದೆವು.

ಧ್ರುವನಕ್ಷತ್ರದ ಸುತ್ತ ಎಲ್ಲ ತಾರೆಗಳೂ ಬಳೆಗಳಂತೆ ಸುತ್ತುವ ಚಿತ್ರಗಳನ್ನು ಮಗ ನೋಡಿದ್ದ, ಅಂಥದೇ ಬೇಕೆಂದ. ಆದರೆ ನಮ್ಮ ಭಾಗದಲ್ಲಿ ಧ್ರುವ ದಿಗಂತದಿಂದ ಸುಮಾರು 12 ಡಿಗ್ರಿ ಮಾತ್ರ ಮೇಲಿರುತ್ತದೆ, ಸಣ್ಣ ಗುಡ್ಡವೊಂದು ಅಡ್ಡ ಬಂದರೂ ಮರೆಯಾಗುತ್ತದೆ. ಶಿಬಿರದಿಂದ ಹೊಳೆಗೆ ಮುಖ ಮಾಡಿ ನಿಂತರೆ ಸುಮಾರಾಗಿ ದಕ್ಷಿಣ. ಹತ್ತೂವರೆ ಗಂಟೆಯ ಹೊತ್ತಿಗೆ ಲುಬ್ಧಕ (ಸಿರಿಯಸ್) ನಕ್ಷತ್ರದ ಕೆಳಗೆ, ಎದುರು ದಡದ ಗುಡ್ಡದ ಮೇಲೆ, ಅಗಸ್ತ್ಯ ನಕ್ಷತ್ರ ನಿಂತಿತ್ತು. ನಿಧಾನವಾಗಿ ಹರಿಯುವ ನೀರಿನಲ್ಲಿ ಅದರ ಬೆಳಕು ಎಳೆಯಾಗಿ ಇಳಿದಿತ್ತು. ಅಗಸ್ತ್ಯರ ಕಮಂಡಲುವಿನಿಂದ ಕಾವೇರಿ ಹರಿದ ಕತೆಯನ್ನು ನಮ್ಮಮ್ಮನಿಂದ ಕೇಳಿದ್ದ ಮಗ, “ಅಪ್ಪಾ, ಅಗಸ್ತ್ಯ ಕಾವೇರಿ ಮೇಲೇ ಇದ್ದಾನೆ!” ಎಂದು ಕೂಗಿದ. ಧ್ರುವನ ಮಾತು ಅಲ್ಲಿಗೆ ನಿಂತಿತು.

ಹೊಳೆಗೆ ಆನೆಗಳು ನೀರು ಕುಡಿಯಲು ಬರುವುದರಿಂದ ರಾತ್ರಿ ಗುಡಾರದ ಆವರಣ ಬಿಟ್ಟು ಹೋಗಬಾರದೆಂದು ಶಿಬಿರದವರು ಮೊದಲೇ ಹೇಳಿದ್ದರು. ಟ್ರೈಪಾಡನ್ನು ಗುಡಾರದ ಬಾಗಿಲಿಂದ ಎಂಟು ಹೆಜ್ಜೆಯಲ್ಲೇ ನಿಲ್ಲಿಸಿ, ಅಗಸ್ತ್ಯನ ಪಥ ಗೆರೆಯಾಗಿ ಮೂಡಲೆಂದು 30 ಸೆಕೆಂಡಿನ ಚಿತ್ರಗಳು ಒಂದರ ಹಿಂದೊಂದು ತಾವಾಗಿ ಬೀಳುವಂತೆ ಇಂಟರ್ವಲ್ ಟೈಮರ್ ಹಾಕಿ ಮಲಗಿದೆವು. ಎರಡು ಗಂಟೆಯ ನಂತರ ಎದ್ದು ನೋಡಿದರೆ ಮೊದಲ ಎಪ್ಪತ್ತು ಚಿತ್ರಗಳು ಚೊಕ್ಕವಾಗಿದ್ದವು, ಆಮೇಲೆ ಒಂದೊಂದು ನಕ್ಷತ್ರವೂ ನೀರಿನಲ್ಲಿ ನೆನೆದ ಹತ್ತಿಯಂತೆ ಉಬ್ಬುತ್ತ ಹೋಗಿ ಕೊನೆಗೆ ಬರೀ ಬೂದು ಮಸುಕು ಉಳಿದಿತ್ತು. ಲೆನ್ಸಿನ ಗಾಜಿನ ಮೇಲೆ ಇಬ್ಬನಿ ಕೂತಿತ್ತು. ಬಟ್ಟೆಯಿಂದ ಒರೆಸಿದರೆ ಎರಡೇ ನಿಮಿಷದಲ್ಲಿ ಮತ್ತೆ ಕೂರುತ್ತಿತ್ತು. ಹೊಳೆಯ ದಡದಲ್ಲಿ ಚಳಿಗಾಲದ ರಾತ್ರಿ ತೆರೆದ ಆಕಾಶಕ್ಕೆ ಮುಖ ಮಾಡಿದ ಗಾಜು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆ ತಂಪಿಗೆ ಗಾಳಿಯ ತೇವ ಹನಿಗಟ್ಟುತ್ತದೆ. ಇದನ್ನು ಮೊದಲೇ ಯೋಚಿಸಬೇಕಿತ್ತು. ಮಗನ ಮುಖ ನೋಡಿ ಬಹಳ ಬೇಸರವಾಯಿತು.

ಮರುವರ್ಷ ಹೋದಾಗ ಉಣ್ಣೆಯ ಕಾಲುಚೀಲದ ತುದಿ ಕತ್ತರಿಸಿ ಲೆನ್ಸಿಗೆ ತೊಡಿಸಿ, ಅದರೊಳಗೆ ಚಳಿನಾಡಿಗೆ ಹೋಗುವವರು ಕೈ ಬೆಚ್ಚಗಿಡಲು ಬಳಸುವ ಶಾಖದ ಪೊಟ್ಟಣಗಳನ್ನು ಎರಡು ಕಡೆ ಸಿಕ್ಕಿಸಿದೆ. ಗಾಜು ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಸಾಕು, ಇಬ್ಬನಿ ಕೂರುವುದಿಲ್ಲ. ಆ ರಾತ್ರಿ ನಾನು ಮಲಗದೆ, ಕಂಬಳಿ ಹೊದ್ದು ಪಕ್ಕದಲ್ಲೇ ಕುಳಿತಿದ್ದೆ. ಎರಡು ಗಂಟೆಯ ಚಿತ್ರಗಳನ್ನು ಸೇರಿಸಿದಾಗ ಹೊಳೆಯ ಮೇಲೆ ಅಗಸ್ತ್ಯ ಎಳೆದ ಕಮಾನು ಕೊನೆಯವರೆಗೂ ಮುರಿಯದೆ ಬಂದಿತು. ಅದು ಈಗ ಮಗನ ಓದುವ ಮೇಜಿನ ಮೇಲಿದೆ.

ಬೆಳಗಿನ ಜಾವದ ಹರಗೋಲಿನಲ್ಲಿ ಟ್ರೈಪಾಡ್ ಉಪಯೋಗಕ್ಕೆ ಬರುವುದಿಲ್ಲ. ಹರಗೋಲು ಸದಾ ತಿರುಗುತ್ತಿರುತ್ತದೆ, ಹುಟ್ಟು ನೀರಿಗೆ ಬಿದ್ದಾಗಲೆಲ್ಲ ನಡುಗುತ್ತದೆ. ನಾನು ರಾಗಿ ಚೀಲವನ್ನು ಹರಗೋಲಿನ ಅಂಚಿನ ಮೇಲಿಟ್ಟು, ಶಟರನ್ನು ಒಂದು ಸೆಕೆಂಡಿನ 1250ನೇ ಭಾಗಕ್ಕೆ ನಿಲ್ಲಿಸಿ, ಐಎಸ್‌ಒವನ್ನು ಕ್ಯಾಮೆರಾಕ್ಕೇ ಬಿಡುತ್ತೇನೆ. ಅಂಬಿಗರಿಗೆ ಮೊದಲೇ, “ಅಣ್ಣಾ, ನಾನು ಕೈ ಎತ್ತಿದಾಗ ಹುಟ್ಟು ನಿಲ್ಸಿ,” ಎಂದು ಹೇಳಿಡುತ್ತೇನೆ. ಬಂಡೆಯ ಮೇಲೆ ಮೈ ಉಜ್ಜಿಕೊಳ್ಳುತ್ತಿದ್ದ ನೀರುನಾಯಿಗಳ ಕುಟುಂಬವೊಂದು ಹಾಗೆ ಹುಟ್ಟು ನಿಂತ ಐದಾರು ಸೆಕೆಂಡುಗಳಲ್ಲಿ ಸಿಕ್ಕಿತು. ದಡದ ಹೊಳೆಮತ್ತಿಗಳಲ್ಲಿ ಬೂದು ಬಣ್ಣದ ದೊಡ್ಡ ಅಳಿಲನ್ನು ಕಂಡದ್ದೂ ಅಲ್ಲೇ. ಮಲೆನಾಡಿನ ಕೆಂಜಳಿಲನ್ನು ನೋಡಿದವರಿಗೆ ಇದು ಅದರ ಬಣ್ಣ ಕಳೆದುಕೊಂಡ ತಮ್ಮನಂತೆ ಕಂಡೀತು, ಆದರೆ ಇದೇ ಬೇರೆ ಜಾತಿ. ಕರ್ನಾಟಕದಲ್ಲಿ ಈ ಕಾವೇರಿ ದಂಡೆಯೇ ಅದರ ಮುಖ್ಯ ನೆಲೆ. ಆಕಾಶಕ್ಕೆ ಎದುರಾಗಿ ಕೊಂಬೆಯ ಮೇಲೆ ಕೂತ ಪ್ರಾಣಿ ಚಿತ್ರದಲ್ಲಿ ಕಪ್ಪಾಗಿಬಿಡುತ್ತದೆ, ಹಾಗಾಗಿ ಒಂದು ಸ್ಟಾಪ್ ಹೆಚ್ಚಿಗೆ ಬೆಳಕು ಕೊಟ್ಟೆ. ಆಕಾಶ ಬಿಳಿಯಾದರೂ ನರೆ ಬೆರೆತ ಆ ಬಾಲದ ಒಂದೊಂದು ಕೂದಲೂ ಕಾಣಿಸಿತು.

ಮನೆಗೆ ಮರಳಿದ ದಿನವೇ ಚಿತ್ರಗಳನ್ನು ಎರಡು ಕಡೆ ಉಳಿಸಿ, ಲೆನ್ಸುಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡುತ್ತೇನೆ. ಬೆಂಗಳೂರಿನ ಮಳೆಗಾಲದಲ್ಲಿ ನನ್ನದೊಂದು ಲೆನ್ಸಿಗೆ ಬೂಷ್ಟು ಹಿಡಿದ ಮೇಲೆ ರೂಢಿಸಿಕೊಂಡ ಅಭ್ಯಾಸವಿದು. ರಾಗಿ ಚೀಲದ ಹೊಲಿಗೆ ಬಿಚ್ಚಿ, ಹುಳು ಬೀಳದಂತೆ ರಾಗಿಯನ್ನು ತಾರಸಿಯ ಮೇಲೆ ಬಿಸಿಲಿಗೆ ಹರಡುವ ಕೆಲಸ ಮಗನದು.

ಈ ಫೆಬ್ರವರಿಯಲ್ಲಿ ಆ ಹಳೆಯ ಮರದ ಪೊಟರೆಯ ಬಾಯಲ್ಲಿ ಮತ್ತೆ ಒಂದು ಹಾಲಕ್ಕಿ ಕೂತಿತ್ತು. ಗೇಟು ತೆರೆದು ಇಪ್ಪತ್ತು ನಿಮಿಷವಾಗಿತ್ತಷ್ಟೆ, ದಾರಿಯಲ್ಲಿ ಯಾರೂ ಇರಲಿಲ್ಲ. ಬೆಂಚಿನ ಮೇಲೆ ರಾಗಿ ಚೀಲ ಇಟ್ಟು ಮೂರು ಚಿತ್ರ ತೆಗೆದೆ. ನಂತರ ಕ್ಯಾಮೆರಾವನ್ನು ಚೀಲದೊಳಗೆ ಇಟ್ಟು, ಬಿಸಿಲು ಅದರ ಎದೆಯ ಮೇಲಿನ ಚುಕ್ಕೆಗಳವರೆಗೆ ಇಳಿಯುವ ತನಕ ಅಲ್ಲೇ ಕುಳಿತಿದ್ದೆ.