ಸಿನಿಮಾ ಪೋಸ್ಟರ್ ಹಾಕುವ ಮುನ್ನ ನಾನು ನೋಡಿಕೊಳ್ಳುವುದು

ಇಂಗ್ಲಿಷ್ ವಿಕಿಪೀಡಿಯದಲ್ಲಿ ಹಳೆಯ ಕನ್ನಡ ಚಿತ್ರಗಳ ಬಗ್ಗೆ ಬರೆಯುವ ನನಗೆ ಲೇಖನದಷ್ಟೇ ಅದರ ಪೋಸ್ಟರೂ ಮುಖ್ಯ. ಒಂದೇ ಹೆಸರಿನ ಎರಡು ಮೂರು ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ತಾನು ಹುಡುಕಿದ್ದು ಇದೇ ಚಿತ್ರ ಎಂದು ಓದುಗನಿಗೆ ಗೊತ್ತಾಗುವುದು ಪೋಸ್ಟರ್ ನೋಡಿದಾಗಲೇ.

ನಾನು ಮೊದಲು ನೋಡುವುದು ವರ್ಷ. ಕಲಾವಿದನ ಹೆಸರಿಲ್ಲದ ಪೋಸ್ಟರಿಗೆ ಭಾರತದಲ್ಲಿ ಪ್ರಕಟವಾದ ಮೇಲೆ 60 ವರ್ಷ ಕೃತಿಸ್ವಾಮ್ಯದ (ಕಾಪಿರೈಟ್) ಹಕ್ಕು. ಹಾಗಾಗಿ 1954ರ ಪೋಸ್ಟರಿನ ಹಕ್ಕು 2014ರ ಕೊನೆಗೇ ಇಲ್ಲಿ ಮುಗಿದಿದೆ. ಆದರೆ ವಿಕಿಪೀಡಿಯ ನಡೆಯುವುದು ಅಮೆರಿಕದ ಕಾನೂನಿನಡಿ. 1996ರ ಜನವರಿ 1ರಂದು ಭಾರತದಲ್ಲಿ ಹಕ್ಕು ಉಳಿದಿದ್ದ ಕೃತಿಗೆ ಅಲ್ಲಿ 95 ವರ್ಷದ ರಕ್ಷಣೆ ಸಿಕ್ಕಿತು. ಅದೇ ಪೋಸ್ಟರ್ ಅಲ್ಲಿ 2049ರ ಕೊನೆಯವರೆಗೂ ಬಂಧಿ. ಎರಡೂ ಕಡೆ ಮುಕ್ತವಾದದ್ದು ಬೇಕೆಂದರೆ 1941ಕ್ಕಿಂತ ಹಿಂದಕ್ಕೆ ಹೋಗಬೇಕು, ಏಕೆಂದರೆ ಮೊದಲು ಇಲ್ಲಿ ಹಕ್ಕು 50 ವರ್ಷವಷ್ಟೇ ಇತ್ತು, ಅದು 60ಕ್ಕೆ ಏರುವ ಮುಂಚೆಯೇ ಅವುಗಳದ್ದು ಮುಗಿದಿತ್ತು. ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ಬಂದದ್ದೇ 1934ರಲ್ಲಿ, ಅಂದಮೇಲೆ ನಮ್ಮ ಪಾಲಿಗೆ ಸಿಗುವುದು ಬೆರಳೆಣಿಕೆಯಷ್ಟು.

ಉಳಿದದ್ದಕ್ಕೆ ಸಾಮಾನ್ಯವಾಗಿ ‘ಫೇರ್ ಯೂಸ್’ ದಾರಿ, ಅಂದರೆ ಹಕ್ಕಿರುವ ಕೃತಿಯನ್ನು ಒಪ್ಪಿಗೆಯಿಲ್ಲದೆಯೂ ಮಿತವಾಗಿ ಬಳಸಲು ಅಮೆರಿಕದ ಕಾನೂನು ಕೊಡುವ ಅವಕಾಶ. ವಿಕಿಪೀಡಿಯಗಳಿಗೆಲ್ಲ ಮುಕ್ತ ಚಿತ್ರಗಳ ಭಂಡಾರವಾದ ಕಾಮನ್ಸ್‌ನಲ್ಲಿ ಅದಕ್ಕೆ ಜಾಗವಿಲ್ಲ, ಇಂಗ್ಲಿಷ್ ವಿಕಿಪೀಡಿಯದಲ್ಲೇ ನೇರವಾಗಿ ಏರಿಸಬೇಕು. ಚಿತ್ರ ಬಿಡುಗಡೆಯಾದಾಗಿನ ಮೂಲ ಪೋಸ್ಟರನ್ನೇ ಆರಿಸಿ, ಅಗಲ 260, ಎತ್ತರ 380 ಪಿಕ್ಸೆಲ್ ಆಸುಪಾಸಿಗೆ ಇಳಿಸುತ್ತೇನೆ. ಒಟ್ಟು ಒಂದು ಲಕ್ಷ ಪಿಕ್ಸೆಲ್ ದಾಟಬಾರದು ಎಂಬುದು ಅಲ್ಲಿನ ರೂಢಿ. ಶೀರ್ಷಿಕೆ, ನಟರ ಮುಖ ಕಂಡರೆ ಸಾಕು. ಯಾರೂ ಅದನ್ನು ಅಚ್ಚು ಹಾಕಿ ಮಾರಲಾಗದು. ಕೆಳಗಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿರುವ ಮುದ್ರಣಾಲಯದ ಹೆಸರನ್ನು ಮಾತ್ರ ಎಂದೂ ಕತ್ತರಿಸುವುದಿಲ್ಲ. ಆ ಕುಸುರಿ ಕೆಲಸ ಮಾಡಿದವರ ಗುರುತಾಗಿ ಎಷ್ಟೋ ಪೋಸ್ಟರಿನಲ್ಲಿ ಅದೊಂದೇ ಉಳಿದಿರುತ್ತದೆ.

ಆಮೇಲೆ ವಿವರಣೆ. ಪೋಸ್ಟರ್ ಎಲ್ಲಿ ಸಿಕ್ಕಿತು, ಹಕ್ಕುದಾರರು ಯಾರು, ಯಾವ ಲೇಖನಕ್ಕೆ, ಏಕೆ ಬೇಕು, ಇದರ ಬದಲಿಗೆ ಮುಕ್ತ ಚಿತ್ರ ಏಕೆ ಸಿಗದು, ಇವನ್ನು ನನ್ನ ಮಾತಿನಲ್ಲೇ ಬರೆಯುತ್ತೇನೆ. ಬಳಕೆ ಆ ಸಿನಿಮಾದ ಲೇಖನದಲ್ಲಿ ಮಾತ್ರ. ಪೋಸ್ಟರಿನಿಂದ ನಟನ ಮುಖ ಕತ್ತರಿಸಿ ಅವರ ಪರಿಚಯ ಪುಟಕ್ಕೆ ಹಾಕಿಕೊಡಿ ಎಂದು ಗೆಳೆಯರು ಕೇಳುವುದುಂಟು. ಆಗುವುದಿಲ್ಲ. ಬದುಕಿರುವ ನಟರ ಫೋಟೊ ಯಾರು ಬೇಕಾದರೂ ತೆಗೆದು ಮುಕ್ತವಾಗಿ ಕೊಡಬಹುದಲ್ಲ!

ಅಳತೆ ಇಳಿಸುವುದು ಬರೀ ಶಾಸ್ತ್ರಕ್ಕಲ್ಲ. 2006ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ಒಂದು ಸಂಗೀತ ತಂಡದ ಇತಿಹಾಸ ಹೇಳುವ ಪುಸ್ತಕದಲ್ಲಿ ಹಳೆಯ ಕಛೇರಿ ಪೋಸ್ಟರುಗಳನ್ನು ಪುಟ್ಟದಾಗಿ ಅಚ್ಚಿಸಿದ್ದನ್ನು ಫೇರ್ ಯೂಸ್ ಎಂದೇ ಒಪ್ಪಿತು. ಅಳತೆ ಚಿಕ್ಕದು, ಉದ್ದೇಶ ಇತಿಹಾಸ ಎಂಬುದು ಅಲ್ಲಿ ಲೆಕ್ಕಕ್ಕೆ ಬಂತು.

ವಿಕಿಪೀಡಿಯದ ಹೊರಗೆ ಬರೆಯುವ ಸ್ವಂತ ವಿಮರ್ಶೆಗೆ ನಮ್ಮದೇ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಇದೆ. ಅದರ ‘ಫೇರ್ ಡೀಲಿಂಗ್’ ವಿಮರ್ಶೆಗೆ ಅವಕಾಶ ಕೊಡುತ್ತದೆ, ಆ ಕೃತಿಯದ್ದಾಗಲಿ ಬೇರೊಂದರದ್ದಾಗಲಿ. ನನ್ನ ಮಟ್ಟಿಗೆ, ಚಿತ್ರದ ಬಗ್ಗೆ ನಾಲ್ಕು ಮಾತಾಡದೆ ಬರೀ ಪೋಸ್ಟರ್ ಅಂಟಿಸಿದರೆ ವಿಮರ್ಶೆ ಎನ್ನಲು ಬಾಯಿ ಬರುವುದಿಲ್ಲ.

ದೊಡ್ಡದಾಗಿ, ಚೆನ್ನಾಗಿ ಕಾಣಲೇಬೇಕು ಎನಿಸಿದಾಗ ನಿರ್ಮಾಪಕರ ಮನೆಯವರಿಗೇ ಪತ್ರ ಬರೆಯುತ್ತೇನೆ. ‘ವಿಕಿಪೀಡಿಯಕ್ಕೆ ಮಾತ್ರ ಕೊಟ್ಟಿದ್ದೇವೆ’ ಎಂಬ ಒಪ್ಪಿಗೆ ನಡೆಯದು. ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು ಎಂದು ಅವರೇ ಇಮೇಲ್ ಕಳಿಸಬೇಕು. ಇದನ್ನು ಮೊದಲೇ ಬಿಡಿಸಿ ಹೇಳುತ್ತೇನೆ. ಬಹಳ ಮಂದಿ ಹಿಂದೆ ಸರಿಯುತ್ತಾರೆ, ಅದು ಅವರ ಹಕ್ಕು. ಆಗ ಪುಟ್ಟ ಚಿತ್ರವೇ ಇರಲಿ ಎಂದು ಬಿಡುತ್ತೇನೆ.