‘ಬಹುಶಃ’ ಆಗಿಹೋದ ಮಾತು

ಗೆಳತಿಗೆ ಫ್ರೆಂಚಿನಲ್ಲಿ ಪತ್ರ ಬರೆಯುತ್ತಿದ್ದೆ. ತಡವಾದರೂ ಕೊನೆಗೆ ಬಂದೇ ಬರುತ್ತೇನೆ ಎನ್ನಬೇಕಿತ್ತು. ಇಂಗ್ಲಿಷಿನ ‘ಇವೆಂಚುವಲಿ’ಯನ್ನು ಮನಸ್ಸಿನಲ್ಲಿಟ್ಟುಕೊಂಡು ‘ಏವಾಂತ್ಯುಯೆಲ್ಮಾಂ’ ಎಂದು ಬರೆದೆ. ಅವಳ ಉತ್ತರದಲ್ಲಿ ಬೇಸರವಿತ್ತು: ‘ಬರುವುದು ಇನ್ನೂ ನಿಶ್ಚಯವಿಲ್ಲವೇ?’ ಫ್ರೆಂಚಿನಲ್ಲಿ ಆ ಪದಕ್ಕೆ ‘ಬಹುಶಃ, ಸಾಧ್ಯವಾದರೆ’ ಎಂಬ ಅರ್ಥ. ಕೊಟ್ಟ ಮಾತೇ ಅನುಮಾನವಾಗಿಬಿಟ್ಟಿತ್ತು.

ಇಂಥ ಪದಗಳನ್ನು ಫ್ರೆಂಚರು ‘ಫೋಜಾಮಿ’, ಅಂದರೆ ಹುಸಿ ಗೆಳೆಯರು ಎನ್ನುತ್ತಾರೆ. ಇಂಗ್ಲಿಷಿನ ‘ಲೈಬ್ರರಿ’ಯಂತೆ ಕೇಳಿಸುವ ‘ಲಿಬ್ರೆರಿ’ ಗ್ರಂಥಾಲಯವಲ್ಲ, ಪುಸ್ತಕದಂಗಡಿ.

ಅಂದಿನಿಂದ ದ್ವಿಭಾಷಾ ನಿಘಂಟಿನಲ್ಲಿ ಪದ ಸಿಕ್ಕ ಕೂಡಲೇ ನಿಲ್ಲಿಸುವುದಿಲ್ಲ. ಅದೇ ಪದವನ್ನು ಫ್ರೆಂಚ್-ಫ್ರೆಂಚ್ ನಿಘಂಟಿನಲ್ಲಿ ಹುಡುಕಿ ಉದಾಹರಣೆಗಳನ್ನು ಓದುತ್ತೇನೆ. ಟಿಪ್ಪಣಿ ಪುಸ್ತಕದಲ್ಲೂ ಬಿಡಿ ಪದವಲ್ಲ, ಇಡೀ ವಾಕ್ಯವನ್ನೇ ಬರೆದಿಡುತ್ತೇನೆ. ಪತ್ರದ ಆ ವಾಕ್ಯ ಈಗ ‘ಜ ಫಿನಿರೆ ಪಾರ್ ವನೀರ್’, ಅಂದರೆ ಕೊನೆಗೆ ಬಂದೇ ಬರುತ್ತೇನೆ.

ನುಡಿಗಟ್ಟುಗಳಿಗೆ ಕನ್ನಡವೇ ಒದಗಿತು. ಇದು ನನಗೆ ತುಂಬ ಸಂತೋಷ ಕೊಟ್ಟ ಸಂಗತಿ. ಇಂಗ್ಲಿಷಿನ ‘ಐ ಮಿಸ್ ಯು’ನಲ್ಲಿ ಕರ್ತೃ ‘ನಾನು’. ಫ್ರೆಂಚಿನ ‘ತ್ಯು ಮ ಮಾಂಕ್’ನಲ್ಲಿ ಕರ್ತೃ ‘ನೀನು’. ‘ನೀನು ನನಗೆ ನೆನಪಾಗುತ್ತೀಯೆ’ ಎಂದುಕೊಂಡರೆ ಸಾಕು, ವಾಕ್ಯ ತಾನಾಗಿಯೇ ಸರಿಯಾಗಿ ಕೂರುತ್ತದೆ. ಆ ಸಾಲನ್ನೂ ಸೇರಿಸಿ ಗೆಳತಿಗೆ ಮತ್ತೊಂದು ಪತ್ರ ಬರೆದೆ.