ಲೈಪೋ ಪ್ಯಾಕ್ ಚಾರ್ಜಿಗೆ ಹಚ್ಚಿ ಮಲ್ಕೋಬ್ಯಾಡ್ರಿ

ಡ್ರೋನ್, ಆರ್‌ಸಿ ಪ್ಲೇನ್ (ರಿಮೋಟ್ ವಿಮಾನ) ಹಾರ್ಸೋರಿಗೆ ಲೈಪೋ, ಅಂದ್ರ ಲಿಥಿಯಂ ಪಾಲಿಮರ್ ಬ್ಯಾಟರಿ ಬಗ್ಗೆ ಒಂದ್ ಮಾತು. ಹೋದ್ ವಾರ 3ಎಸ್ (ಮೂರು ಸೆಲ್ ಸಾಲಾಗಿ ಜೋಡಿಸಿದ) ಪ್ಯಾಕಿನ ಕನೆಕ್ಟರ್ ಬದಲಿ ಮಾಡೂಮುಂದ ಎರಡೂ ವಾಯರ್ ಒಮ್ಮೆಲೇ ಕತ್ತರಿಸಿದೆ, ಚಟ್ ಅಂತ ಕಿಡಿ ಹಾರಿ ಕಟರ್ ಬಾಯಾಗ ಜ್ವಾಳದ ಕಾಳಿನಷ್ಟು ತೂತು ಬಿತ್ತು, ಪುಣ್ಯಾಕ ಕೈ ಉಳೀತು. ಒಂದು ವಾಯರ್ ಕತ್ತರಿಸಿ, ಸೋಲ್ಡರ್ ಮಾಡಿ, ಹೀಟ್ ಶ್ರಿಂಕ್ (ಬಿಸಿ ಮಾಡಿದ್ರ ಬಿಗಿಯಾಗೋ ಪ್ಲಾಸ್ಟಿಕ್ ಟ್ಯೂಬ್) ಏರಿಸಿದ ಮ್ಯಾಲೇ ಇನ್ನೊಂದು ಮುಟ್ರಿ. ಆ ಟ್ಯೂಬ್ ಸೋಲ್ಡರ್ ಮಾಡೂಕಿಂತ ಮೊದ್ಲ ವಾಯರಿಗೆ ಪೋಣಿಸಬೇಕು, ನಾ ಪ್ರತಿ ಸಲ ಮರೀತೀನಿ.

ಚಾರ್ಜಿಗೆ ಎಲ್ಲಾ ಸೆಲ್ ಸಮಾ ತುಂಬೋ ಬ್ಯಾಲೆನ್ಸ್ ಚಾರ್ಜರ್ರೇ ಬೇಕು, ಬ್ಯಾಲೆನ್ಸ್ ವಾಯರ್ ಸುದ್ದಾ ಹಚ್ರಿ, ಒಂದ್ ಸೆಲ್ 4.2 ವೋಲ್ಟ್ ದಾಟಬಾರ್ದು, 3ಎಸ್ ಅಂದ್ರ ಒಟ್ಟು 12.6. 2200 ಎಂಎಎಚ್ ಪ್ಯಾಕಿಗೆ 2.2 ಆಂಪಿಯರ್ ಸಾಕು, ಅವಸರಕ್ಕ 5ಕ್ಕ ಇಡಬ್ಯಾಡ್ರಿ. ನಮ್ಮ ಹುಬ್ಬಳ್ಳಿ ಬ್ಯಾಸಗ್ಯಾಗ ಹಾರಿಸಿ ತಂದ ಬಿಸಿ ಪ್ಯಾಕ್ ಹಂಗ ಹಚ್ಚೂದಲ್ಲ, ಆರ್ಲಿ ಮೊದ್ಲ. ನಾ ಹಿತ್ತಲದಾಗ ಶಹಾಬಾದ್ ಕಲ್ಲಿನ ಮ್ಯಾಲ ಇಟ್ಟು, ಮುಗಿಯೂತನಕ ಚಹಾ ಕುಡಕೋತ ಅಲ್ಲೇ ಕುಂದರ್ತೀನಿ, ಮನ್ಯಾಗ ನಗ್ತಾರ ಬಿಡ್ರಿ. ಊದಿದ ಪ್ಯಾಕಿಗೆ ಮಾತ್ರ ಮತ್ತ ಚಾರ್ಜರ್ ತೋರಿಸ್ಬ್ಯಾಡ್ರಿ. ವಾರಗಟ್ಲೆ ಹಾರ್ಸೂದಿಲ್ಲಂದ್ರ ಸೆಲ್ಲಿಗೆ 3.8 ವೋಲ್ಟಿನ ಆಸುಪಾಸು ಬಿಟ್ಟು ತಗದಿಡ್ರಿ.